ಫೈರ್‌ಬೇಸ್ ರಿಮೋಟ್ ಕಾನ್ಫಿಗ್: ಸರ್ವರಿನ ಅರ್ಧ, ಫೋನಿನ ಅರ್ಧ

ಜನರ ಫೋನಿನಲ್ಲಿ ಈಗಾಗಲೇ ಇರುವ ಆ್ಯಪಿನ ಸೆಟ್ಟಿಂಗುಗಳನ್ನು, ಆ್ಯಪನ್ನು ಅಪ್‌ಡೇಟ್ ಮಾಡದೆಯೇ ದೂರದಿಂದ ಬದಲಿಸುವ ಗೂಗಲಿನ ಸೇವೆ ಫೈರ್‌ಬೇಸ್ ರಿಮೋಟ್ ಕಾನ್ಫಿಗ್. ಒಳ್ಳೆಯ ಸಾಧನ, ಪುಕ್ಕಟೆ, ಸಣ್ಣ ತಂಡಗಳಿಗೆ ಧಾರಾಳವಾಗಿ ಸಾಕು. ಆದರೆ ಅದನ್ನು ಹಾಕಿಕೊಂಡವರಲ್ಲಿ ಬಹಳ ಜನ ಅರ್ಧವನ್ನು ಮಾತ್ರ ಬಳಸುತ್ತಾರೆ ಎಂಬುದು ನನ್ನ ತಕರಾರು. ಕನ್ಸೋಲಿನಲ್ಲಿ (ಸೇವೆಯನ್ನು ನಿಯಂತ್ರಿಸುವ ಜಾಲಪುಟದಲ್ಲಿ) ಗುಂಡಿ ಒತ್ತಿದರೆ ಸಾವಿರಾರು ಫೋನುಗಳಲ್ಲಿ ಆ್ಯಪ್ ಬದಲಾಗುತ್ತದೆ ಎಂಬ ಉತ್ಸಾಹದಲ್ಲಿ, ಸರ್ವರಿನಿಂದ ಏನೂ ಬಾರದಿದ್ದಾಗ ಬಳಸಲು ಫೋನಿನೊಳಗೆ ಇಡಬೇಕಾದ ಡಿಫಾಲ್ಟ್ ಮೌಲ್ಯಗಳ ಕಡತವನ್ನು ಯಾರೂ ತಿರುಗಿ ನೋಡುವುದಿಲ್ಲ. ಸಿಗ್ನಲ್‌ಗಾಗಿ ಗುಡ್ಡ ಹತ್ತಬೇಕಾದ ಊರುಗಳಿಗೆ ಆ್ಯಪ್ ಮಾಡುವವರಿಗೆ ಆ ಕಡತವೇ ಮುಖ್ಯ. ಈ ವಿಮರ್ಶೆ ಹೆಚ್ಚಾಗಿ ಅದರ ಬಗ್ಗೆಯೇ.

ಶಿರಸಿಯಲ್ಲಿ ಕುಳಿತು ನಾನೂ ನನ್ನ ಜೊತೆಗಾರನೂ ಅಡಿಕೆ ದರದ ಆ್ಯಪ್ ಒಂದನ್ನು ನಡೆಸುತ್ತೇವೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಸಾಗರ, ಶಿವಮೊಗ್ಗ ಮಾರುಕಟ್ಟೆಗಳ ದಿನದ ದರ, ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಎಂದು ಬಗೆಬಗೆಯಾಗಿ, ಕ್ವಿಂಟಲ್ ಲೆಕ್ಕದಲ್ಲಿ. ಜೊತೆಗೆ ಮಳೆಗಾಲದ ಮುಂಚೆ ಕೊಳೆರೋಗಕ್ಕೆ ಔಷಧಿ ಹೊಡೆಯುವುದನ್ನು ನೆನಪಿಸುವ, ಮುಖಪುಟದಲ್ಲಿ ಕಾಣುವ ಒಂದು ಸೂಚನಾ ಪಟ್ಟಿ. ಬಳಸುವವರು ತೋಟದವರು. ಅವರ ಫೋನಿನಲ್ಲಿ ಮೊಮ್ಮಕ್ಕಳ ವಿಡಿಯೊ ತುಂಬಿ ಜಾಗ ಇರುವುದಿಲ್ಲ. ಪ್ಲೇ ಸ್ಟೋರಿನಲ್ಲಿ ವೈ-ಫೈ ಇದ್ದಾಗ ಮಾತ್ರ ಅಪ್‌ಡೇಟ್ ಆಗಲಿ ಎಂದಿರುತ್ತದೆ, ಮನೆಯಲ್ಲಿ ವೈ-ಫೈ ಇರುವುದಿಲ್ಲ. ಹಾಗಾಗಿ ನಾವು ಹೊಸ ಬಿಲ್ಡ್ (ಆ್ಯಪಿನ ಹೊಸ ಪ್ರತಿ) ಬಿಟ್ಟರೂ ಹಳೆಯ ಆವೃತ್ತಿಗಳು ವರ್ಷಗಟ್ಟಲೆ ಉಸಿರಾಡುತ್ತಿರುತ್ತವೆ. ನಾವು ದರ ಎತ್ತಿಕೊಳ್ಳುವ ಜಾಲತಾಣವೊಂದು ತನ್ನ ಪಟ್ಟಿಯಲ್ಲಿ ಕನಿಷ್ಠ ದರದ ಕಂಬವನ್ನೂ ಗರಿಷ್ಠ ದರದ ಕಂಬವನ್ನೂ ಮುನ್ಸೂಚನೆ ಇಲ್ಲದೆ ಅದಲುಬದಲು ಮಾಡಿದ ದಿನವೇ, ಇಂಥ ಸಂಗತಿಗಳನ್ನು ಆ್ಯಪಿನ ಹೊರಗಿನಿಂದ ಸರಿಪಡಿಸುವ ದಾರಿ ಬೇಕು ಎಂದು ತೀರ್ಮಾನಿಸಿದೆವು. ಯಾವ ಕಂಬದಲ್ಲಿ ಯಾವ ದರ ಇದೆ ಎಂಬ ಒಂದು ಅಂಕಿಗಾಗಿ ಇಡೀ ಬಿಲ್ಡ್ ಬಿಟ್ಟು, ಅದು ಎಲ್ಲರನ್ನೂ ತಲುಪುವವರೆಗೆ ಫೋನ್ ಕರೆಗಳಿಗೆ ಉತ್ತರ ಕೊಡುತ್ತ ಕೂರುವುದು ಯಾರಿಗೆ ಬೇಕು?

ಪರಿಚಯವಿಲ್ಲದವರಿಗಾಗಿ ಎರಡು ಮಾತು. ಫೈರ್‌ಬೇಸ್ 2011ರಲ್ಲಿ ಸ್ವತಂತ್ರ ಕಂಪನಿಯಾಗಿ ಶುರುವಾಯಿತು. 2014ರಲ್ಲಿ ಗೂಗಲ್ ಕೊಂಡುಕೊಂಡಿತು. 2016ರಲ್ಲಿ ಅದನ್ನು ದೊಡ್ಡದಾಗಿ ವಿಸ್ತರಿಸಿದಾಗ ಬಂದ ಸೇವೆಗಳಲ್ಲಿ ರಿಮೋಟ್ ಕಾನ್ಫಿಗ್ ಕೂಡ ಒಂದು. ಕನ್ಸೋಲಿನಲ್ಲಿ ಪ್ಯಾರಾಮೀಟರ್‌ಗಳನ್ನು ಬರೆಯುತ್ತೀರಿ: ಒಂದು ಹೆಸರು, ಒಂದು ಮೌಲ್ಯ. ಮೌಲ್ಯವು ಪಠ್ಯ, ಸಂಖ್ಯೆ, ಹೌದು-ಇಲ್ಲ, ಅಥವಾ ಜೇಸನ್ (ಹಲವು ಮೌಲ್ಯಗಳನ್ನು ಹೆಸರುಗಳೊಂದಿಗೆ ಒಟ್ಟಿಗೆ ಕಟ್ಟಿಡುವ ಪಠ್ಯರೂಪ) ಆಗಿರಬಹುದು. ಹೆಸರು ಇಂಗ್ಲಿಷ್ ಅಕ್ಷರದಿಂದ ಅಥವಾ ಅಡಿಗೆರೆಯಿಂದ ಶುರುವಾಗಬೇಕು, 256 ಅಕ್ಷರ ಮೀರಬಾರದು. ಮೌಲ್ಯದಲ್ಲಿ ಕನ್ನಡ ಧಾರಾಳವಾಗಿ ಬರೆಯಬಹುದು, ವಿವರಣೆಯ ಖಾನೆಯಲ್ಲೂ ಬರೆಯಬಹುದು. ನಾವು ಎಲ್ಲ ವಿವರಣೆಗಳನ್ನೂ ಕನ್ನಡದಲ್ಲಿಯೇ ಬರೆದಿದ್ದೇವೆ: ‘ಇದನ್ನು ಮುಟ್ಟುವ ಮೊದಲು ಸಾಗರದ ದರ ಸರಿಯಾಗಿ ಕಾಣುತ್ತಿದೆಯೇ ನೋಡಿ’ ಎಂಬಂಥ ಮಾತುಗಳು.

ಇನ್ನು ಎಸ್‌ಡಿಕೆಯ ವಿಷಯ, ಅಂದರೆ ನಮ್ಮ ಆ್ಯಪಿನೊಳಗೆ ಸೇರಿಸಿಕೊಳ್ಳುವ ಫೈರ್‌ಬೇಸಿನ ಕೋಡು. ಆ್ಯಪ್ ಒಂದು ಮೌಲ್ಯವನ್ನು ಕೇಳಿದಾಗ ಅದು ಮೂರು ಕಡೆ ಹುಡುಕುತ್ತದೆ. ಸರ್ವರಿನಿಂದ ಬಂದು ಜಾರಿಯಾದ ಮೌಲ್ಯ ಇದ್ದರೆ ಅದು. ಇಲ್ಲದಿದ್ದರೆ ಆ್ಯಪಿನೊಳಗೆ ನೀವು ಕೊಟ್ಟ ಡಿಫಾಲ್ಟ್. ಅದೂ ಇಲ್ಲದಿದ್ದರೆ ಎಸ್‌ಡಿಕೆಯದೇ ಸ್ಥಿರ ಮೌಲ್ಯ, ಅಂದರೆ ಸಂಖ್ಯೆಗೆ ಸೊನ್ನೆ, ಹೌದು-ಇಲ್ಲಕ್ಕೆ ‘ಇಲ್ಲ’, ಪಠ್ಯಕ್ಕೆ ಖಾಲಿ. ಈ ಹುಡುಕಾಟಕ್ಕೆ ನೆಟ್‌ವರ್ಕ್ ಬೇಕಾಗಿಲ್ಲ. ಎಲ್ಲವೂ ಫೋನಿನಲ್ಲಿಯೇ ಇರುವುದರಿಂದ ಉತ್ತರ ತಕ್ಷಣ ಬರುತ್ತದೆ. ನನ್ನ ಮಟ್ಟಿಗೆ ಇಡೀ ಸಾಧನದಲ್ಲಿ ಅತ್ಯಂತ ಯೋಚಿಸಿ ಮಾಡಿದ ಭಾಗ ಇದು. ಸೆಟ್ಟಿಂಗ್ ಬರುವವರೆಗೆ ಆ್ಯಪ್ ಕಾಯುತ್ತ ನಿಲ್ಲಬೇಕಾದ ಅಗತ್ಯವೇ ಇಲ್ಲ.

ಇದನ್ನು ಕಣ್ಣಾರೆ ನೋಡಬೇಕೆಂದರೆ, ಆ್ಯಪ್ ಬರೆಯಲು ಬಳಸುವ ತಂತ್ರಾಂಶವಾದ ಆ್ಯಂಡ್ರಾಯ್ಡ್ ಸ್ಟುಡಿಯೊದ ಡಿವೈಸ್ ಎಕ್ಸ್‌ಪ್ಲೋರರ್ ತೆರೆದು, ನಿಮ್ಮ ಆ್ಯಪಿನ ಫೈಲ್ಸ್ ಫೋಲ್ಡರಿಗೆ ಹೋಗಿ. ‘ಎಫ್‌ಆರ್‌ಸಿ’ ಎಂದು ಶುರುವಾಗುವ ಮೂರು ಜೇಸನ್ ಕಡತಗಳು ಕಾಣುತ್ತವೆ. ಹೆಸರಿನ ಬಾಲದಲ್ಲಿ ಒಂದಕ್ಕೆ ‘ಡಿಫಾಲ್ಟ್ಸ್’, ಒಂದಕ್ಕೆ ‘ಫೆಚ್’, ಇನ್ನೊಂದಕ್ಕೆ ‘ಆಕ್ಟಿವೇಟ್’ ಎಂದಿರುತ್ತದೆ. ಮೊದಲನೆಯದು ನೀವು ಕೊಟ್ಟದ್ದು. ಎರಡನೆಯದು ಸರ್ವರಿನಿಂದ ತಂದು ಕೂಡಿಟ್ಟದ್ದು. ಮೂರನೆಯದು ಈಗ ಆ್ಯಪ್ ಓದುತ್ತಿರುವುದು. ಮೌಲ್ಯ ತರುವುದು ಒಂದು ಕ್ರಿಯೆ, ಜಾರಿಗೊಳಿಸುವುದು ಬೇರೆಯೇ ಒಂದು ಕ್ರಿಯೆ. ಜಾರಿಗೊಳಿಸುವವರೆಗೆ ತಂದದ್ದು ಎರಡನೆಯ ಕಡತದಲ್ಲಿ ಸುಮ್ಮನೆ ಕುಳಿತಿರುತ್ತದೆ. ಐಫೋನಿನಲ್ಲಿ ಇದೇ ಏರ್ಪಾಡು ಒಂದು ಎಸ್‌ಕ್ಯೂಲೈಟ್ ಡೇಟಾಬೇಸಿನೊಳಗೆ ಇದೆ. ಕನ್ಸೋಲಿನಲ್ಲಿ ಬದಲಿಸಿದೆ, ಆ್ಯಪಿನಲ್ಲಿ ಬದಲಾಗಲಿಲ್ಲ ಎಂದು ಗೋಳಾಡುವವರಿಗೆ ನಾನು ಮೊದಲು ಹೇಳುವುದು ಈ ಕಡತಗಳನ್ನು ತೆರೆದು ನೋಡಿ ಎಂದು. ಎರಡನೆಯದರಲ್ಲಿ ಹೊಸದು, ಮೂರನೆಯದರಲ್ಲಿ ಹಳೆಯದು ಇದ್ದರೆ ಆಕ್ಟಿವೇಟ್ ಕರೆದಿಲ್ಲ. ಎರಡರಲ್ಲೂ ಹಳೆಯದೇ ಇದ್ದರೆ ತರುವ ಕೆಲಸವೇ ಆಗಿಲ್ಲ.

ತರುವ ಕೆಲಸ ಯಾಕೆ ಆಗಿರುವುದಿಲ್ಲ ಎಂಬುದಕ್ಕೆ ಸಾಮಾನ್ಯ ಕಾರಣ ಹನ್ನೆರಡು ಗಂಟೆ. ಒಮ್ಮೆ ತಂದ ಮೌಲ್ಯವನ್ನು ಎಸ್‌ಡಿಕೆ 12 ಗಂಟೆ ಕಾಲ ತಾಜಾ ಎಂದೇ ಲೆಕ್ಕ ಹಾಕುತ್ತದೆ. ಅಷ್ಟರೊಳಗೆ ಮತ್ತೆ ಕೇಳಿದರೆ ಸರ್ವರಿನ ಮುಖವನ್ನೂ ನೋಡದೆ ಹಳೆಯದನ್ನೇ ಕೊಡುತ್ತದೆ. ಅಭಿವೃದ್ಧಿಯ ಹಂತದಲ್ಲಿ ಈ ಅವಧಿಯನ್ನು ಸೊನ್ನೆಗೆ ಇಳಿಸಬಹುದು. ಆದರೆ ಜನರ ಕೈಯಲ್ಲಿರುವ ಆ್ಯಪಿನಲ್ಲಿ ಹಾಗೆ ಬಿಟ್ಟರೆ ವಿಪರೀತ ಬಾರಿ ಕೇಳಿದ್ದಕ್ಕೆ ಸರ್ವರ್ ತಡೆ ಒಡ್ಡುತ್ತದೆ, ಎಸ್‌ಡಿಕೆ ಥ್ರಾಟಲ್ ಎಂಬ ದೋಷ ಕೊಡುತ್ತದೆ. 12 ಗಂಟೆ ಹೆಚ್ಚಾಯಿತು ಎಂದು ದೂರುವವರಿದ್ದಾರೆ. ನಾನು ಆ ಗುಂಪಿನವನಲ್ಲ. ನಮ್ಮ ಬಳಕೆದಾರರು ಆ್ಯಪ್ ತೆರೆಯುವುದೇ ವಾರಕ್ಕೊಮ್ಮೆ, ಮಾಲು ಮಾರುವ ಹಿಂದಿನ ದಿನ. ಅವರಿಗೆ 12 ಗಂಟೆಯೂ ಒಂದೇ, ಒಂದು ಗಂಟೆಯೂ ಒಂದೇ.

ಅವರಿಗೆ ಸಮಸ್ಯೆ ಆಗುವುದು ಬೇರೆ ಕಡೆ. ಆ್ಯಪ್ ಶುರುವಾದಾಗ ಹಿನ್ನೆಲೆಯಲ್ಲಿ ತಂದಿಟ್ಟುಕೊಳ್ಳಿ, ಮುಂದಿನ ಸಲ ತೆರೆದಾಗ ಜಾರಿಗೊಳಿಸಿ ಎಂಬುದು ಗೂಗಲಿನ ದಾಖಲೆಗಳು ಹೇಳುವ ಕ್ರಮಗಳಲ್ಲಿ ಒಂದು. ದಿನಕ್ಕೆ ಹತ್ತು ಸಲ ತೆರೆಯುವ ಆ್ಯಪಿಗೆ ಇದು ಚೆನ್ನ, ಪರದೆ ಕಣ್ಣೆದುರೇ ಬದಲಾಗುವ ಗೊಂದಲ ಇರುವುದಿಲ್ಲ. ವಾರಕ್ಕೊಮ್ಮೆ ತೆರೆಯುವ ಆ್ಯಪಿನಲ್ಲಿ ‘ಮುಂದಿನ ಸಲ’ ಎಂದರೆ ಮುಂದಿನ ವಾರ. ತಪ್ಪು ಕಂಬದ ದರವನ್ನು ಒಂದು ವಾರ ತೋರಿಸಲಾಗುವುದಿಲ್ಲ. ಹಾಗೆಂದು ಪ್ರತಿ ಸಲವೂ ಲೋಡಿಂಗ್ ಪರದೆ ತೋರಿಸಿ, ತಂದು ಜಾರಿಗೊಳಿಸುವವರೆಗೆ ಕಾಯಿಸುವ ಎರಡನೆಯ ಕ್ರಮವನ್ನು ಹಿಡಿದರೆ, ತರುವ ಕೆಲಸದ ಗಡುವು ಮೊದಲೇ ಒಂದು ನಿಮಿಷ ಎಂದು ನಿಗದಿಯಾಗಿರುತ್ತದೆ. ಸಿಗ್ನಲ್ ಒಂದು ಗೆರೆ ಬಂದು ಹೋಗುವ ಕಡೆ ಆ ಒಂದು ನಿಮಿಷವೂ ಚಕ್ರ ತಿರುಗುತ್ತಲೇ ಇರಬಹುದು. ರೈತ ಅಷ್ಟರಲ್ಲಿ ಆ್ಯಪ್ ಮುಚ್ಚಿ ದಲಾಲರಿಗೆ ಫೋನ್ ಮಾಡಿರುತ್ತಾನೆ. ನಾವು ಗಡುವನ್ನು ಮೂರು ಸೆಕೆಂಡಿಗೆ ಕತ್ತರಿಸಿದ್ದೇವೆ. ಅಷ್ಟರಲ್ಲಿ ಬಂದರೆ ಜಾರಿ, ಬರದಿದ್ದರೆ ಇದ್ದದ್ದರಲ್ಲಿ ಮುಂದೆ.

2023ರಲ್ಲಿ ಇದಕ್ಕೆ ತತ್‌ಕ್ಷಣದ ಸೌಲಭ್ಯವೂ ಸೇರಿತು. ಆ್ಯಪ್ ಪರದೆಯ ಮೇಲೆ ತೆರೆದಿರುವಾಗ ಸರ್ವರಿನೊಂದಿಗೆ ಒಂದು ಸಂಪರ್ಕ ತೆರೆದೇ ಇರುತ್ತದೆ. ಕನ್ಸೋಲಿನಲ್ಲಿ ಪ್ರಕಟಿಸಿದ ಕೂಡಲೇ ಸೂಚನೆ ಬರುತ್ತದೆ, ಎಸ್‌ಡಿಕೆ 12 ಗಂಟೆಯ ಕಟ್ಟುಪಾಡನ್ನು ಬದಿಗಿಟ್ಟು ಹೊಸ ಮೌಲ್ಯ ತರುತ್ತದೆ, ಯಾವ ಯಾವ ಹೆಸರುಗಳು ಬದಲಾದವು ಎಂಬ ಪಟ್ಟಿಯನ್ನು ನಮ್ಮ ಕೋಡಿಗೆ ಕೊಡುತ್ತದೆ. ಜಾರಿಗೊಳಿಸುವ ನಿರ್ಧಾರ ಇಲ್ಲಿಯೂ ನಮ್ಮದೇ. ಎರಡು ಫೋನ್ ಮುಂದಿಟ್ಟುಕೊಂಡು ನೋಡುವಾಗ ಸೊಗಸಾಗಿ ಕಾಣುತ್ತದೆ. ಕೇಳಿದವರೆಲ್ಲ ಬೆರಗಾಗುತ್ತಾರೆ. ನಮ್ಮ ಆ್ಯಪಿಗೆ ಇದರಿಂದ ಆದ ಲಾಭ ಕಡಿಮೆ. ಆಟದ ಆ್ಯಪ್, ಊಟ ತರಿಸುವ ಆ್ಯಪ್, ನೇರ ಪ್ರಸಾರದ ಆ್ಯಪ್ ಮಾಡುವವರು ಖಂಡಿತ ಬಳಸಿಕೊಳ್ಳಲಿ.

ಈಗ ನನಗೆ ನಿಜವಾಗಿ ಸಿಟ್ಟು ಬರಿಸುವ ಭಾಗ: ಆ ಮೂರನೆಯ ಸ್ಥಿರ ಮೌಲ್ಯ. ದರವನ್ನು ಎಷ್ಟು ನಿಮಿಷಕ್ಕೊಮ್ಮೆ ಹೊಸದಾಗಿ ತರಬೇಕು ಎಂಬ ಒಂದು ಪ್ಯಾರಾಮೀಟರ್ ನಿಮ್ಮಲ್ಲಿದೆ ಎಂದುಕೊಳ್ಳಿ. ಕೋಡಿನಲ್ಲಿ ಅದರ ಹೆಸರಿನ ಒಂದು ಅಕ್ಷರ ತಪ್ಪಿತು. ಎಸ್‌ಡಿಕೆ ದೂರುವುದಿಲ್ಲ, ಆ್ಯಪ್ ನಿಲ್ಲುವುದಿಲ್ಲ, ಸದ್ದಿಲ್ಲದೆ ಸೊನ್ನೆ ಬರುತ್ತದೆ. ಸೊನ್ನೆ ನಿಮಿಷಕ್ಕೊಮ್ಮೆ ಎಂದರೆ ಆ್ಯಪ್ ಉಸಿರು ಬಿಡದೆ ಸರ್ವರನ್ನು ಬಡಿಯತೊಡಗುತ್ತದೆ, ಬ್ಯಾಟರಿ ಇಳಿಯುತ್ತದೆ, ಫೋನ್ ಬಿಸಿಯಾಗುತ್ತದೆ. ಕಾರಣ ಹುಡುಕಲು ಹೊರಟವರು ಕನ್ಸೋಲಿನಲ್ಲಿ ನೋಡಿದರೆ ಅಲ್ಲಿ ಸರಿಯಾಗಿ 30 ಎಂದೇ ಇರುತ್ತದೆ. ಮೌಲ್ಯ ಎಲ್ಲಿಂದ ಬಂತು ಎಂದು ಕೇಳುವ ಸೌಲಭ್ಯ ಎಸ್‌ಡಿಕೆಯಲ್ಲಿದೆ: ಸರ್ವರಿನದೋ, ಡಿಫಾಲ್ಟೋ, ಸ್ಥಿರವೋ ಎಂದು ಅದು ಹೇಳುತ್ತದೆ. ಆದರೆ ಕೇಳಿದರೆ ಮಾತ್ರ ಹೇಳುತ್ತದೆ. ಹಾಗಾಗಿ ನಮ್ಮ ಆ್ಯಪಿನಲ್ಲಿ ಯಾವ ಪರದೆಯೂ ಎಸ್‌ಡಿಕೆಯನ್ನು ನೇರವಾಗಿ ಮುಟ್ಟುವುದಿಲ್ಲ. ನಡುವೆ ಒಂದು ಸಣ್ಣ ಪದರ ಇದೆ. ಎಲ್ಲ ಹೆಸರುಗಳೂ ಅಲ್ಲಿ ಒಂದೇ ಕಡೆ ಇವೆ. ಪ್ರತಿ ಸಂಖ್ಯೆಗೂ ಕೆಳಮಿತಿ, ಮೇಲ್ಮಿತಿ ಇದೆ. 15 ನಿಮಿಷಕ್ಕಿಂತ ಕಡಿಮೆ ಬಂದರೆ 15 ಎಂದೇ ಓದು, 1,440 ದಾಟಿದರೆ 1,440 ಎಂದೇ ಓದು. ಮೂಲ ‘ಸ್ಥಿರ’ ಎಂದು ಬಂದರೆ ಪರೀಕ್ಷೆಯ ಬಿಲ್ಡಿನಲ್ಲಿ ಆ್ಯಪ್ ಅಲ್ಲಿಯೇ ಬಿದ್ದುಹೋಗಲಿ ಎಂದು ಬರೆದಿದ್ದೇವೆ. ಇಷ್ಟಾದರೆ ಮೇಲಿನ ರಗಳೆಗಳಲ್ಲಿ ಬಹುಪಾಲು ಹುಟ್ಟುವುದೇ ಇಲ್ಲ.

ಇದರ ಸೋದರ ಸಮಸ್ಯೆ ಹೌದು-ಇಲ್ಲಗಳದ್ದು. ಪ್ಯಾರಾಮೀಟರನ್ನು ಪಠ್ಯ ಎಂದು ಮಾಡಿ ಅದರಲ್ಲಿ ‘ಆನ್’ ಎಂದು ಇಂಗ್ಲಿಷಿನಲ್ಲಿ ಬರೆದಿರಿ ಎನ್ನಿ. ಆ್ಯಂಡ್ರಾಯ್ಡ್ ಎಸ್‌ಡಿಕೆ 1, ಟ್ರೂ, ಟಿ, ಯೆಸ್, ವೈ, ಆನ್ ಇವೆಲ್ಲವನ್ನೂ ‘ಹೌದು’ ಎಂದು ಓದುತ್ತದೆ. ಐಫೋನಿನಲ್ಲಿ ಮೌಲ್ಯವನ್ನು ಓದುವುದು ಆಪಲ್‌ನ ಹಳೆಯ ಪಠ್ಯ ಪರಿವರ್ತನೆ. ಅದು ಟಿ, ವೈ ಅಥವಾ 1ರಿಂದ 9ರವರೆಗಿನ ಅಂಕಿ ಮೊದಲಿಗೆ ಕಂಡರೆ ಮಾತ್ರ ಹೌದು ಎನ್ನುತ್ತದೆ. ‘ಆನ್’ ಅದಕ್ಕೆ ‘ಇಲ್ಲ’. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಒಂದೇ ಗುಂಡಿ ಎರಡು ಬಗೆಯ ಫೋನಿನಲ್ಲಿ ಎರಡು ದಿಕ್ಕಿಗೆ ಹೋಗುತ್ತದೆ. ಕನ್ಸೋಲಿನಲ್ಲಿ ಪ್ಯಾರಾಮೀಟರಿನ ಬಗೆಯನ್ನು ಬೂಲಿಯನ್ (ಹೌದು-ಇಲ್ಲ) ಎಂದೇ ಆರಿಸಿ, ಈ ಗೊಂದಲ ಇರುವುದಿಲ್ಲ.

ಡಿಫಾಲ್ಟ್ ಕಡತದ ಮಹತ್ವ ನನಗೆ ಮನವರಿಕೆಯಾದದ್ದು ಔಷಧಿಯ ಪಟ್ಟಿಯಿಂದ. ಅಡಿಕೆಗೆ ಕೊಳೆರೋಗ ಬಾರದಂತೆ ಶೇ. 1ರ ಬೋರ್ಡೋ ದ್ರಾವಣವನ್ನು ಮುಂಗಾರು ಹಿಡಿಯುವ ಮುಂಚೆ ಒಮ್ಮೆ, ಅದಾಗಿ 40–45 ದಿನಕ್ಕೆ ಮತ್ತೊಮ್ಮೆ ಹೊಡೆಯುವುದು ರೂಢಿ. ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ. ಆ್ಯಪಿನ ಮುಖಪುಟದಲ್ಲಿ ಇದನ್ನು ನೆನಪಿಸುವ ಪಟ್ಟಿ ಬರಬೇಕು. ಮುಂಗಾರು ಕೇರಳ ಮುಟ್ಟುವ ವಾಡಿಕೆಯ ದಿನ ಜೂನ್ 1 ಎಂದಿದ್ದರೂ ವರ್ಷ ವರ್ಷ ಅದು ಹಿಂದೆಮುಂದೆ ಆಗುತ್ತದೆ. ರಿಮೋಟ್ ಕಾನ್ಫಿಗ್‌ಗೆ ಹೇಳಿ ಮಾಡಿಸಿದ ಕೆಲಸ ಎಂದು ಯಾರಿಗಾದರೂ ಅನಿಸುತ್ತದೆ: ಪಟ್ಟಿಯ ಡಿಫಾಲ್ಟ್ ‘ಇಲ್ಲ’, ಮಳೆ ಹತ್ತಿರ ಬಂದಾಗ ಕನ್ಸೋಲಿನಲ್ಲಿ ‘ಹೌದು’. ನನ್ನ ಜೊತೆಗಾರ ಹಾಗೆಯೇ ಹೇಳಿದ. ಆದರೆ ಮಲೆನಾಡಿನಲ್ಲಿ ಮಳೆಯ ಮೊದಲ ಗುಡುಗಿಗೆ ಮೊದಲು ಹೋಗುವುದು ಕರೆಂಟು, ಅದರ ಹಿಂದೆಯೇ ಟವರ್. ಪಟ್ಟಿ ಯಾವ ವಾರ ಕಾಣಬೇಕೋ ಅದೇ ವಾರ ಸರ್ವರಿನ ಮಾತು ಫೋನಿಗೆ ತಲುಪುವ ಸಾಧ್ಯತೆ ಅತ್ಯಂತ ಕಡಿಮೆ.

ಹಾಗಾಗಿ ನಿಯಮವನ್ನೇ ಆ್ಯಪಿನೊಳಗೆ ಇಟ್ಟೆವು. ಮೇ 15ರಿಂದ ಪಟ್ಟಿ ತೋರಿಸು, ಬಳಕೆದಾರ ‘ಹೊಡೆದಾಯಿತು’ ಎಂದು ಒತ್ತಿದ ದಿನದಿಂದ 40 ದಿನಕ್ಕೆ ಎರಡನೆಯದನ್ನು ತೋರಿಸು ಎಂಬುದೆಲ್ಲ ಡಿಫಾಲ್ಟ್ ಕಡತದಲ್ಲಿಯೇ ಇದೆ. ಸರ್ವರ್ ಮಾಡುವುದು ಆ ದಿನಾಂಕವನ್ನು ಹಿಂದೆಮುಂದೆ ಸರಿಸುವುದಷ್ಟೇ. ಸುದ್ದಿ ತಲುಪಿದರೆ ಒಳ್ಳೆಯದು, ತಲುಪದಿದ್ದರೂ ರೈತನಿಗೆ ಪಟ್ಟಿ ಕಂಡೇ ಕಾಣುತ್ತದೆ. ದರದ ಕಂಬದ ಸಂಖ್ಯೆ, ಯಾವ ಮಾರುಕಟ್ಟೆ ಮೊದಲು ಬರಬೇಕು, ಸಹಾಯವಾಣಿಯ ಸಮಯ ಹೀಗೆ ಪ್ರತಿಯೊಂದಕ್ಕೂ ಇದೇ ಪ್ರಶ್ನೆ ಕೇಳಿಕೊಳ್ಳುತ್ತೇವೆ: ಸರ್ವರ್ ಶಾಶ್ವತವಾಗಿ ಮೌನವಾದರೂ ಈ ಪರದೆ ಅರ್ಥಪೂರ್ಣವಾಗಿ ಉಳಿಯುತ್ತದೆಯೇ? ಕನ್ಸೋಲಿನಿಂದ ಡಿಫಾಲ್ಟ್ ಮೌಲ್ಯಗಳನ್ನು ಆ್ಯಂಡ್ರಾಯ್ಡಿಗೆ ಎಕ್ಸ್‌ಎಂಎಲ್ ಆಗಿ, ಐಫೋನಿಗೆ ಪಿಲಿಸ್ಟ್ ಆಗಿ ಇಳಿಸಿಕೊಳ್ಳುವ ಸೌಲಭ್ಯ ಇದೆ. ಮೆನುವಿನ ಮೂಲೆಯಲ್ಲಿ ಅಡಗಿರುವುದರಿಂದ ಬಹಳ ಜನರಿಗೆ ಗೊತ್ತಿಲ್ಲ. ಪ್ರತಿ ಬಿಲ್ಡಿಗೂ ಮೊದಲು ಅದನ್ನು ಇಳಿಸಿಕೊಂಡು ಆ್ಯಪಿನೊಳಗೆ ಸೇರಿಸುವ ಕೆಲಸವನ್ನು ಬಿಲ್ಡ್ ಸ್ಕ್ರಿಪ್ಟಿಗೆ ಒಪ್ಪಿಸಿಬಿಡಿ. ಇಲ್ಲದಿದ್ದರೆ ಎರಡು ವರ್ಷದ ಹಿಂದಿನ ಡಿಫಾಲ್ಟ್‌ಗಳೊಂದಿಗೆ ಇಂದಿನ ಆ್ಯಪ್ ಹುಟ್ಟುತ್ತದೆ.

ಇನ್ನೊಂದು ಪದರದ ಬಗ್ಗೆ ರಿಮೋಟ್ ಕಾನ್ಫಿಗ್ ಏನೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ: ಬಳಕೆದಾರ ತಾನೇ ಆರಿಸಿಕೊಂಡ ಸೆಟ್ಟಿಂಗುಗಳು. ಅಕ್ಷರದ ಗಾತ್ರ, ತನ್ನ ಮಾರುಕಟ್ಟೆ, ತನ್ನ ಬಗೆಯ ಅಡಿಕೆ. ಇವು ಆ್ಯಂಡ್ರಾಯ್ಡಿನಲ್ಲಿ ಡೇಟಾಸ್ಟೋರಿನಲ್ಲೋ ಶೇರ್ಡ್ ಪ್ರಿಫರೆನ್ಸಸ್‌ನಲ್ಲೋ, ಐಫೋನಿನಲ್ಲಿ ಯೂಸರ್ ಡಿಫಾಲ್ಟ್ಸ್‌ನಲ್ಲೋ ಇರುತ್ತವೆ. ಒಂದೇ ವಿಷಯದ ಬಗ್ಗೆ ಎರಡೂ ಕಡೆ ಮಾತು ಇದ್ದರೆ ಯಾರ ಮಾತು ನಡೆಯಬೇಕು? ನನ್ನ ಉತ್ತರಕ್ಕೆ ಅಪವಾದ ಇಲ್ಲ: ಬಳಕೆದಾರನ ಮಾತು. ಶಿವಮೊಗ್ಗ ಕಡೆಯವರಿಗೆ ರಾಶಿ ಮೇಲೆ ಬರಲಿ, ಶಿರಸಿಯವರಿಗೆ ಚಾಲಿ ಮೇಲೆ ಬರಲಿ ಎಂದು ನಾವು ಸರ್ವರಿನಲ್ಲಿ ಎಷ್ಟೇ ಚೆನ್ನಾಗಿ ಹೊಂದಿಸಿದರೂ, ಎಪ್ಪತ್ತು ದಾಟಿದ ಹಿರಿಯರೊಬ್ಬರು ಕಷ್ಟಪಟ್ಟು ಬಿಳೆಗೋಟನ್ನು ಮೇಲಕ್ಕೆ ಎಳೆದು ಇಟ್ಟುಕೊಂಡಿದ್ದರೆ ಅದನ್ನು ಅಲ್ಲಾಡಿಸುವ ಹಕ್ಕು ನಮಗಿಲ್ಲ. ಮೇಲೆ ಹೇಳಿದ ನಡುವಿನ ಪದರದ ಕೋಡಿನಲ್ಲಿ ಈ ಕ್ರಮ ಒಂದೇ ಕಡೆ ಇರಬೇಕು. ಪರದೆಗೊಂದರಂತೆ ಬೇರೆ ಬೇರೆ ನ್ಯಾಯ ಬರೆದರೆ ಮುಂದೊಂದು ದಿನ ಯಾವ ಪರದೆ ಯಾರ ಮಾತು ಕೇಳುತ್ತಿದೆ ಎಂದು ಪತ್ತೆ ಹಚ್ಚಲಾಗುವುದಿಲ್ಲ.

ಯಾರಿಗೆ ಯಾವ ಮೌಲ್ಯ ಎಂದು ವಿಂಗಡಿಸುವ ಕಂಡಿಷನ್‌ಗಳು ಈ ಸಾಧನದ ದೊಡ್ಡ ಆಕರ್ಷಣೆ. ಆ್ಯಪ್ ಆವೃತ್ತಿ, ದೇಶ, ಭಾಷೆ, ದಿನಾಂಕ, ಯಾದೃಚ್ಛಿಕವಾಗಿ ಇಷ್ಟು ಶೇಕಡಾ ಜನ ಹೀಗೆ. ಕಂಡಿಷನ್‌ಗಳಿಗೆ ಮೇಲಿನಿಂದ ಕೆಳಕ್ಕೆ ಆದ್ಯತೆ ಇದೆ, ಮೊದಲು ಹೊಂದಿದ್ದು ಗೆಲ್ಲುತ್ತದೆ. ಆವೃತ್ತಿಯ ಕಂಡಿಷನ್ ನಮಗೆ ಅನ್ನ ಹಾಕುವಂಥದ್ದು. ಜೇಸನ್ ಮೌಲ್ಯದ ರಚನೆ ಬದಲಿಸಿದಾಗ ಹಳೆಯ ಆವೃತ್ತಿಗಳಿಗೆ ಹಳೆಯ ರಚನೆಯನ್ನೇ ಕೊಡುತ್ತ ಹೋಗದಿದ್ದರೆ ಅವು ಕುಸಿಯುತ್ತವೆ. ಭಾಷೆಯ ಕಂಡಿಷನ್ ಅಷ್ಟು ಭರವಸೆಯದಲ್ಲ. ಅದು ನೋಡುವುದು ಫೋನಿನ ಭಾಷೆಯನ್ನು. ನಮ್ಮ ಕಡೆ ಕನ್ನಡ ಬಿಟ್ಟು ಬೇರೆ ಓದದವರ ಫೋನ್ ಕೂಡ ಅಂಗಡಿಯವನು ಕೊಟ್ಟಾಗ ಇದ್ದಂತೆ ಇಂಗ್ಲಿಷಿನಲ್ಲಿಯೇ ಇರುತ್ತದೆ. ಸ್ಥಳದ ಕಂಡಿಷನ್ ದೇಶದ ಮಟ್ಟದಲ್ಲಿ ನಿಲ್ಲುತ್ತದೆ, ತೀರ್ಥಹಳ್ಳಿಗೂ ಯಲ್ಲಾಪುರಕ್ಕೂ ಅದರ ಕಣ್ಣಿನಲ್ಲಿ ವ್ಯತ್ಯಾಸವಿಲ್ಲ. ಇದಕ್ಕೆ ಅನಲಿಟಿಕ್ಸ್ (ಆ್ಯಪ್ ಬಳಕೆಯ ಅಂಕಿಅಂಶ ಕೂಡಿಸುವ ಸೇವೆ) ಮೂಲಕ ಬಳಕೆದಾರರ ಗುಣಗಳನ್ನು ಕಳಿಸಬೇಕಿತ್ತು. ಈಚೆಗೆ ಕಸ್ಟಮ್ ಸಿಗ್ನಲ್ ಎಂಬುದು ಬಂದಿದೆ. ಬಳಕೆದಾರ ಆರಿಸಿದ ಭಾಷೆ, ಮಾರುಕಟ್ಟೆ ಮುಂತಾದುವನ್ನು ಆ್ಯಪೇ ಎಸ್‌ಡಿಕೆಗೆ ಹೇಳುತ್ತದೆ, ಕಂಡಿಷನ್ ಅದನ್ನು ನೋಡುತ್ತದೆ. ಬಹಳ ಕಾಲದಿಂದ ಬೇಕಾಗಿದ್ದ ಸೌಲಭ್ಯ.

ಕನ್ಸೋಲಿನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಬದಲಾವಣೆಗಳು ಕರಡಾಗಿ ಉಳಿದು, ‘ಪಬ್ಲಿಷ್’ ಒತ್ತಿದಾಗ ಮಾತ್ರ ಹೊರಬೀಳುತ್ತವೆ. ಹಿಂದಿನ 300 ಆವೃತ್ತಿಗಳವರೆಗೆ ಇಟ್ಟುಕೊಳ್ಳುತ್ತದೆ, ಯಾರು ಯಾವಾಗ ಏನು ಬದಲಿಸಿದರು ಎಂದು ತೋರಿಸುತ್ತದೆ, ಬೇಕಾದ ಆವೃತ್ತಿಗೆ ಹಿಂದಿರುಗಬಹುದು. ಕಮಾಂಡ್ ಸಾಲಿನಿಂದಲೂ ಇವೆಲ್ಲ ಸಾಧ್ಯ. ಇಡೀ ಟೆಂಪ್ಲೇಟನ್ನು, ಅಂದರೆ ಎಲ್ಲ ಪ್ಯಾರಾಮೀಟರ್ ಮತ್ತು ಕಂಡಿಷನ್‌ಗಳ ಕಟ್ಟನ್ನು, ಜೇಸನ್ ಆಗಿ ಇಳಿಸಿ, ಕೋಡಿನ ಪ್ರತಿ ಬದಲಾವಣೆಯನ್ನೂ ಕಾಪಾಡುವ ಗಿಟ್‌ನಲ್ಲಿ ಇಟ್ಟುಕೊಳ್ಳುವುದು ನಮ್ಮ ಪದ್ಧತಿ. ಎಪಿಐ (ಕನ್ಸೋಲ್ ಬಿಟ್ಟು ಕೋಡಿನಿಂದಲೇ ಸೇವೆಯನ್ನು ಕರೆಯುವ ದಾರಿ) ಮೂಲಕ ಮರಳಿ ಏರಿಸುವಾಗ ಈಟ್ಯಾಗ್ ಎಂಬ ಗುರುತನ್ನು ಹೋಲಿಸಿ, ನಡುವೆ ಬೇರೆಯವರು ಬದಲಿಸಿದ್ದರೆ ನಿರಾಕರಿಸುತ್ತದೆ. ಕೊರತೆ ಎಂದರೆ, ಒಬ್ಬರು ಬದಲಿಸಿದ್ದನ್ನು ಇನ್ನೊಬ್ಬರು ನೋಡಿ ಒಪ್ಪಿದ ಮೇಲೆ ಪ್ರಕಟವಾಗಲಿ ಎಂಬ ಏರ್ಪಾಡು ಕನ್ಸೋಲಿನಲ್ಲಿ ಇಲ್ಲ. ಬದಲಿಸುವ ಅಧಿಕಾರ ಇದ್ದವರು ಒಂದು ಒತ್ತಿನಲ್ಲಿ ಎಲ್ಲರ ಫೋನನ್ನೂ ಮುಟ್ಟಬಹುದು. ನಮ್ಮಂಥ ಇಬ್ಬರ ತಂಡಕ್ಕೆ ಪಕ್ಕದ ಮೇಜಿನವರನ್ನು ಕೂಗಿದರೆ ಆಯಿತು. ಇಪ್ಪತ್ತು ಜನರ ತಂಡದವರು ಯೋಚಿಸಬೇಕಾದ ವಿಷಯ. ಪರೀಕ್ಷೆಗೊಂದು, ಬಳಕೆಗೊಂದು ಎಂದು ಎರಡು ಪ್ರತ್ಯೇಕ ಪ್ರಾಜೆಕ್ಟ್ ಮಾಡಿಕೊಳ್ಳುವುದಂತೂ ಎಲ್ಲರಿಗೂ ಅವಶ್ಯ.

ಗುಟ್ಟಿನ ಸಂಗತಿಗಳನ್ನು ಇಲ್ಲಿ ಇಡಬೇಡಿ ಎಂದು ದಾಖಲೆಗಳು ಸ್ಪಷ್ಟವಾಗಿಯೇ ಹೇಳುತ್ತವೆ. ಆದರೂ ಪಾವತಿ ಸೇವೆಯ ಕೀಲಿಗಳನ್ನು ‘ಕೋಡಿನಲ್ಲಿ ಇಲ್ಲವಲ್ಲ’ ಎಂಬ ಸಮಾಧಾನದಲ್ಲಿ ಇದರಲ್ಲಿ ತುಂಬಿದ ಆ್ಯಪುಗಳನ್ನು ನಾನು ಕಂಡಿದ್ದೇನೆ. ಫೋನಿಗೆ ಬಂದ ಮೌಲ್ಯ ಫೋನ್ ಇಟ್ಟುಕೊಂಡವರ ಕೈಗೂ ಬಂದಂತೆಯೇ. ಮೇಲೆ ಹೇಳಿದ ಆ ಜೇಸನ್ ಕಡತಗಳಿಗೆ ಬೀಗವೇನೂ ಇಲ್ಲ. ಹಾಗೆಯೇ, ಆ್ಯಪ್ ಸ್ಟೋರಿನ ಪರಿಶೀಲಕರ ಕಣ್ಣು ತಪ್ಪಿಸಿ ಆಮೇಲೆ ತೆರೆಯುವ ಗುಪ್ತ ಸೌಲಭ್ಯಗಳಿಗೆ ಆಪಲ್‌ನ ನಿಯಮಗಳಲ್ಲಿಯೇ ನಿಷೇಧ ಇದೆ. ಬಾಗಿಲು ಇದ್ದ ಮಾತ್ರಕ್ಕೆ ಅದರಲ್ಲಿ ಏನನ್ನಾದರೂ ನುಗ್ಗಿಸಬಹುದು ಎಂದುಕೊಳ್ಳುವ ಗ್ರಾಹಕರಿಗೆ ಇದನ್ನು ವಿವರಿಸುವುದೇ ಒಂದು ಕಸುಬು.

ಬೇರೆ ಸಾಧನಗಳಿಲ್ಲವೇ? ಇವೆ. ಲಾಂಚ್‌ಡಾರ್ಕ್ಲಿ ಇದೇ ಕೆಲಸವನ್ನು ಒಪ್ಪಿಗೆಯ ಹಂತಗಳೊಂದಿಗೆ, ಇನ್ನೂ ಬಿಗಿಯಾಗಿ ಮಾಡುತ್ತದೆ, ಆದರೆ ಅದರ ಡಾಲರ್ ಬಿಲ್ಲು ಕಟ್ಟುವಷ್ಟು ಅಡಿಕೆಯವರು ನಮಗೆ ಕೊಡುವುದಿಲ್ಲ. ಅನ್‌ಲೀಶ್, ಫ್ಲ್ಯಾಗ್‌ಸ್ಮಿತ್ ಮುಕ್ತ ತಂತ್ರಾಂಶಗಳು. ಸ್ವಂತ ಸರ್ವರಿನಲ್ಲಿ ಇಟ್ಟುಕೊಳ್ಳಬಹುದು, ಸರ್ವರ್ ನೋಡಿಕೊಳ್ಳುವ ತಾಪತ್ರಯವೂ ಸ್ವಂತದ್ದೇ. ಒಂದು ಜೇಸನ್ ಕಡತವನ್ನು ಯಾವುದಾದರೂ ಸರ್ವರಿನಲ್ಲಿ ಇಟ್ಟು ಆ್ಯಪ್ ಶುರುವಾದಾಗ ಓದಿಕೊಂಡರೆ ಸಾಲದೇ ಎಂದು ಕೇಳುವವರಿಗೆ, ಹತ್ತು ಪ್ಯಾರಾಮೀಟರ್ ಇದ್ದರೆ ಸಾಕು ಎಂದೇ ಹೇಳುತ್ತೇನೆ. ತಂದದ್ದನ್ನು ಕೂಡಿಡುವುದು, ಹಳತಾದದ್ದನ್ನು ಗುರುತಿಸುವುದು, ಅರ್ಧಂಬರ್ಧ ಬಂದ ಕಡತವನ್ನು ತಳ್ಳಿಹಾಕುವುದು ಇವನ್ನೆಲ್ಲ ನೀವೇ ಬರೆಯಬೇಕು, ಅಷ್ಟೇ. ರಿಮೋಟ್ ಕಾನ್ಫಿಗ್ ನನಗೆ ಉಳಿಸಿದ್ದು ಈ ಶ್ರಮವನ್ನು.

ಪುಕ್ಕಟೆ ಸೇವೆಯ ಆಯುಷ್ಯದ ಪ್ರಶ್ನೆ ಮಾತ್ರ ತಲೆಯಿಂದ ಹೋಗುವುದಿಲ್ಲ. ಫೇಸ್‌ಬುಕ್ 2013ರಲ್ಲಿ ಕೊಂಡ ಪಾರ್ಸ್ ಎಂಬ ಸೇವೆಯಲ್ಲಿ ಇಂಥದ್ದೇ ಕಾನ್ಫಿಗ್ ಇತ್ತು. 2016ರ ಜನವರಿಯಲ್ಲಿ ಮುಚ್ಚುವ ಸುದ್ದಿ ಬಂತು, ಮರುವರ್ಷದ ಜನವರಿಗೆ ಮುಚ್ಚಿಯೇ ಹೋಯಿತು. ಆ್ಯಪಿನ ಒಳಗಿನ ಪುಟಕ್ಕೆ ಒಯ್ಯುವ ಕೊಂಡಿಗಳನ್ನು ಕೊಡುತ್ತಿದ್ದ ಫೈರ್‌ಬೇಸ್‌ನದೇ ಸೇವೆ ಡೈನಮಿಕ್ ಲಿಂಕ್ಸ್ 2025ರ ಆಗಸ್ಟಿನಲ್ಲಿ ನಿಂತಿತು. ರಿಮೋಟ್ ಕಾನ್ಫಿಗ್ ನಿಲ್ಲುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಆ್ಯಪಿನ ನಲವತ್ತು ಕಡೆ ಎಸ್‌ಡಿಕೆಯನ್ನು ನೇರ ಕರೆದವರಿಗೂ, ನಡುವೆ ಒಂದು ಪದರ ಇಟ್ಟವರಿಗೂ ಅಂಥ ದಿನ ಆಗುವ ಕಷ್ಟ ಒಂದೇ ಅಲ್ಲ. ನಮ್ಮ ಪದರದ ಹಿಂದೆ ಈಗ ಎರಡು ಜೋಡಣೆಗಳಿವೆ: ಒಂದು ಫೈರ್‌ಬೇಸ್, ಇನ್ನೊಂದು ಡಿಫಾಲ್ಟ್ ಕಡತವನ್ನು ಮಾತ್ರ ಓದುವಂಥದ್ದು. ಪರೀಕ್ಷೆಗಳೆಲ್ಲ ಎರಡನೆಯದರ ಮೇಲೆ ನಡೆಯುತ್ತವೆ. ಸರ್ವರೇ ಇಲ್ಲದ ಲೋಕದಲ್ಲಿ ಆ್ಯಪ್ ಹೇಗಿರುತ್ತದೆ ಎಂದು ಪ್ರತಿ ಬಿಲ್ಡಿನಲ್ಲೂ ಹೀಗೆ ತಾನಾಗಿಯೇ ತಿಳಿಯುತ್ತದೆ.

ರಿಮೋಟ್ ಕಾನ್ಫಿಗ್ ಮಾಡಿದವರಿಗೆ ನನ್ನ ಕೋರಿಕೆ ಇಷ್ಟು: ಡಿಫಾಲ್ಟ್ ಕೊಡದ ಹೆಸರನ್ನು ಕೋಡು ಕೇಳಿದಾಗ ಪರೀಕ್ಷೆಯ ಬಿಲ್ಡಿನಲ್ಲಾದರೂ ಜೋರಾಗಿ ಕೂಗುವ ಒಂದು ಆಯ್ಕೆ ಕೊಡಿ. ಸೊನ್ನೆ ಕೊಟ್ಟು ಸುಮ್ಮನಾಗುವ ಸೌಜನ್ಯ ನಮಗೆ ಬೇಡ.